ಅಜ್ಜಿಯೂರಿನವರು

ಮಾಗಡಿ ರಸ್ತೆ ಗೊತ್ತಲ್ಲ, ಸಂಜೆ ಆರರ ಮೇಲೆ ಅಲ್ಲಿ ಬಸ್ಸು ಹೋಗುವುದಿಲ್ಲ, ನಿಂತಿರುತ್ತದೆ. ಕೊಟ್ಟಿಗೆಪಾಳ್ಯದ ಹತ್ತಿರ ಹಾಗೆ ನಿಂತಿದ್ದಾಗ ಪಕ್ಕದಲ್ಲಿದ್ದ ಮಗಳು ಕಿಟಕಿಯಿಂದ ಕಂಡ ಬೋರ್ಡುಗಳನ್ನೆಲ್ಲ ಓದುತ್ತಿದ್ದಳು. ಬೇಕರಿ, ಫ್ಲೆಕ್ಸು, ಟ್ಯೂಷನ್ನು. ನಡುವೆ ಒಂದು ಬೋರ್ಡು: ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ.

“ಯುನಾನಿ ಅಂದ್ರೆ ಏನಪ್ಪ?”

“ಗ್ರೀಕ್ ಅಂತ. ಗ್ರೀಕರ ಔಷಧ.”

“ಹಂಗಾದ್ರೆ ಗ್ರೀಕ್ ಅಂತಲೇ ಬರೀಬಹುದಿತ್ತಲ್ವಾ?”

ಬರೆಯಬಹುದಿತ್ತು. ಹಿಪೊಕ್ರಾಟಿಸ್, ಗ್ಯಾಲೆನ್ ಮುಂತಾದವರ ವೈದ್ಯ ಬಾಗ್ದಾದಿನಲ್ಲಿ ಅರಬ್ಬಿಗೆ ಅನುವಾದವಾಯಿತು, ಅರಬ್ಬಿಯಿಂದ ಪಾರ್ಸಿಗೆ, ಅಲ್ಲಿಂದ ನಮ್ಮ ಕಡೆಗೆ ಬಂತು. ಬರುವಾಗ ಅರಬ್ಬರು ಅಂಟಿಸಿದ ಚೀಟಿಯನ್ನು ಯಾರೂ ಕೀಳಲಿಲ್ಲ. ಇಷ್ಟು ಹೇಳಿ ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಅರಬ್ಬರು ಯುನಾನಿ ಅಂದರು. ನಮ್ಮ ಹಳಬರು ಯವನ ಅಂದರು. ಇಂಗ್ಲಿಷಿನವರು ಗ್ರೀಕ್ ಅಂದರು, ಅವರ ಹಿಂದೆ ನಾವೂ ಅಂದೆವು. ಸರಿ, ಆ ಜನ ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ?

ಇದಕ್ಕೆ ಉತ್ತರ ನನ್ನ ಹತ್ತಿರ ಹೈಸ್ಕೂಲಿನಿಂದಲೇ ಇತ್ತು, ಗೊತ್ತಿರಲಿಲ್ಲ ಅಷ್ಟೆ. ಅಂಚೆಚೀಟಿ ಕೂಡಿಸುವ ಹುಚ್ಚಿನ ದಿನಗಳಲ್ಲಿ ಒಂದು ಚೀಟಿ ಸಿಕ್ಕಿತ್ತು. ಹಡಗಿನ ಚಿತ್ರ, ಕೆಳಗೆ ‘ಹೆಲ್ಲಾಸ್’ ಎಂಬ ದೇಶದ ಹೆಸರು. ಅಟ್ಲಾಸಿನ ಕೊನೆಯ ಪುಟದ ಪಟ್ಟಿಯಲ್ಲಿ ಆ ಅಕ್ಷರದ ಕೆಳಗೆ ಎಷ್ಟು ಸಲ ಹುಡುಕಿದರೂ ಹೆಲ್ಲಾಸ್ ಇಲ್ಲ. ಮುಳುಗಿಹೋದ ದೇಶವೇನೋ ಅಂದುಕೊಂಡು ಅದನ್ನು ಆಲ್ಬಮ್ಮಿನ ‘ಇತರೆ’ ಪುಟಕ್ಕೆ ಅಂಟಿಸಿದೆ. ಅದು ಗ್ರೀಸ್. ಅವರ ಬಾಯಲ್ಲಿ ಇವತ್ತು ದೇಶ ಎಲ್ಲಾಡಾ, ಜನ ಎಲ್ಲಿನೆಸ್, ಭಾಷೆ ಎಲ್ಲಿನಿಕಾ. ಮೊದಲಿನ ‘ಹ’ಕಾರ ಅವರ ಮಾತಿನಿಂದ ಉದುರಿ ಎಷ್ಟೋ ಕಾಲವಾಯಿತು. ನಮ್ಮಲ್ಲೂ ಎಷ್ಟೋ ಕಡೆ ‘ಹಾಲು’ ಬಾಯಿಗೆ ಬರುವಷ್ಟರಲ್ಲಿ ‘ಆಲು’ ಆಗಿರುತ್ತದಲ್ಲ, ಹಾಗೆ. ದೇಶದ ಅಧಿಕೃತ ಹೆಸರು ಕೂಡ ಹೆಲೆನಿಕ್ ಗಣರಾಜ್ಯ. ಗ್ರೀಸ್ ಅಲ್ಲ.

ಹಾಗಾದರೆ ಈ ‘ಗ್ರೀಕ್’ ಎಲ್ಲಿಂದ ಬಂತು?

ಇಂಗ್ಲಿಷಿನಿಂದ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಗ್ರೈಕುಸ್’ ಸಿಗುತ್ತದೆ. ದಾರಿಯಲ್ಲಿ ಒಂದು ತಮಾಷೆಯಿದೆ. ಹಳೆಯ ಇಂಗ್ಲಿಷಿನಲ್ಲಿ ಇವರು ‘ಕ್ರೇಕಸ್’. ಗಾಥರ ಭಾಷೆಯಲ್ಲೂ ಮೊದಲ ಅಕ್ಷರ ‘ಕ’ಕಾರವೇ. ಉತ್ತರದ ಆ ಜನಕ್ಕೆ ರೋಮನ್ನರ ‘ಗ’ ಹಾಗೆ ಕೇಳಿಸಿತು. ಮುಂದೆ ಲ್ಯಾಟಿನ್ ಓದಿದವರು ಜಾಸ್ತಿಯಾದ ಮೇಲೆ ಅದನ್ನು ತಿದ್ದಿ ‘ಗ’ ಮಾಡಿದರು. ಇರಲಿ. ಲ್ಯಾಟಿನ್ನಿನ ಗ್ರೈಕುಸ್ ಗ್ರೀಕ್ ಭಾಷೆಯದೇ ‘ಗ್ರೈಕೋಸ್’ ಎಂಬ ಮಾತಿನಿಂದ ಬಂದದ್ದು. ಅಂದರೆ ಹೊರಗಿನವರು ಕಟ್ಟಿದ ಹೆಸರಲ್ಲ, ಮನೆಯದೇ ಹೆಸರು. ಮನೆಯವರು ಬಿಟ್ಟಿದ್ದು, ಪಕ್ಕದವರು ಎತ್ತಿಟ್ಟುಕೊಂಡದ್ದು.

ಅರಿಸ್ಟಾಟಲ್ ಇದನ್ನು ಹೇಳುವುದು ತೀರಾ ಬೇರೆ ವಿಷಯದ ನಡುವೆ. ಮಳೆ, ನದಿ, ಪ್ರವಾಹಗಳ ಬಗ್ಗೆ ಬರೆಯುತ್ತಾ ಗ್ರೀಕ್ ಪುರಾಣದ ಡ್ಯೂಕಾಲಿಯನ್ನನ ಕಾಲದ ಮಹಾಪ್ರವಾಹಕ್ಕೆ ಬರುತ್ತಾನೆ. ಅದು ಮುಖ್ಯವಾಗಿ ಹಳೆಯ ಹೆಲ್ಲಾಸಿನಲ್ಲಿ, ವಾಯವ್ಯ ಗ್ರೀಸಿನ ಡೊಡೋನಾದ ಆಸುಪಾಸಿನಲ್ಲಿ ಆಯಿತು ಎನ್ನುತ್ತಾನೆ. ಅಲ್ಲಿ ಇದ್ದವರು ಸೆಲ್ಲೋಯ್ ಎಂಬವರು, ಮತ್ತು ‘ಆಗ ಗ್ರೈಕೋಯ್ ಎನ್ನಿಸಿಕೊಳ್ಳುತ್ತಿದ್ದು ಈಗ ಹೆಲೆನರು ಎನ್ನಿಸಿಕೊಳ್ಳುವವರು’. ಅಷ್ಟೇ, ಮತ್ತೆ ನದಿಗಳ ಮಾತಿಗೆ ಹೊರಳುತ್ತಾನೆ. ಪಾರೋಸ್ ದ್ವೀಪದಲ್ಲಿ ಕ್ರಿ.ಪೂ. 264ರ ಸುಮಾರಿಗೆ ಕೆತ್ತಿಸಿದ ಒಂದು ಅಮೃತಶಿಲೆಯ ಕಾಲಪಟ್ಟಿಯೂ ಇದನ್ನೇ ಹೇಳುತ್ತದೆ: ಮೊದಲು ಗ್ರೈಕೋಯ್ ಎನ್ನಿಸಿಕೊಂಡಿದ್ದವರಿಗೆ ಹೆಲೆನರು ಎಂಬ ಹೆಸರಾಯಿತು. ಈ ಕಲ್ಲಿನ ಒಂದು ತುಂಡು ಈಗ ಆಕ್ಸ್‌ಫರ್ಡಿನ ಮ್ಯೂಸಿಯಮ್ಮಿನಲ್ಲಿದೆ.

ಇನ್ನೊಂದು ಸುಳಿವು ಹೋಮರನದು. ಟ್ರಾಯ್ ಯುದ್ಧಕ್ಕೆ ಹಡಗು ಕಳಿಸಿದ ಊರುಗಳ ದೊಡ್ಡ ಪಟ್ಟಿ ಅವನಲ್ಲಿ ಬರುತ್ತದೆ. ಬಿಯೋಷಿಯಾ ಪ್ರಾಂತ್ಯದ ಊರುಗಳಲ್ಲಿ ಒಂದರ ಹೆಸರು ‘ಗ್ರಾಯಾ’. ಬರೀ ಹೆಸರು, ಬೇರೆ ಒಂದು ಮಾತಿಲ್ಲ. ಗ್ರಾಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಮುದುಕಿ. ನಮ್ಮ ಅಜ್ಜಂಪುರ ಇದ್ದ ಹಾಗೆ ಅವರದೊಂದು ಅಜ್ಜಿಯೂರು ಅನ್ನಿ.

ಈ ಅಜ್ಜಿಯೂರನ್ನು ಹಿಡಿದು ಗೇಯೊರ್ಗ್ ಬುಸೋಲ್ಟ್ ಎಂಬ ಜರ್ಮನ್ ಇತಿಹಾಸಕಾರ ಒಂದು ವಾದ ಕಟ್ಟಿದ. ಗ್ರಾಯಾದ ಎದುರಿಗೇ, ಕಿರಿದಾದ ಸಮುದ್ರದ ಆಚೆ, ಯೂಬಿಯಾ ದ್ವೀಪ. ಕ್ರಿ.ಪೂ. 8ನೇ ಶತಮಾನದಲ್ಲಿ ಯೂಬಿಯಾದವರು ಹಡಗು ಹತ್ತಿ ಇಟಲಿಗೆ ಹೋಗಿ ಮೊದಲು ಇಸ್ಕಿಯಾ ದ್ವೀಪದಲ್ಲಿ, ಆಮೇಲೆ ಈಗಿನ ನೇಪಲ್ಸ್ ಹತ್ತಿರ ಕುಮೈ ಎಂಬಲ್ಲಿ ನೆಲೆಯೂರಿದರು. ಅವರ ಜೊತೆ ಅಜ್ಜಿಯೂರಿನ ಒಂದಿಷ್ಟು ಜನವೂ ಹೊರಟಿದ್ದರು. ಆ ಕಡೆಯ ಲ್ಯಾಟಿನ್ ಜನರಿಗೆ ಮೊದಲು ಸಿಕ್ಕವರು ಇವರೇ. “ಯಾರಪ್ಪ ನೀವು?” ಎಂದು ಕೇಳಿದಾಗ ಬಂದ ಉತ್ತರ ಇಡೀ ಜನಾಂಗಕ್ಕೇ ಅಂಟಿಕೊಂಡಿತು. ಇಲ್ಲ, ಇದು ಡೊಡೋನಾ ಕಡೆಯ ಹೆಸರು, ಏಡ್ರಿಯಾಟಿಕ್ ಸಮುದ್ರ ದಾಟಿ ಇಟಲಿಗೆ ಬಂತು ಎನ್ನುವವರೂ ಇದ್ದಾರೆ. ಅರಿಸ್ಟಾಟಲ್‌ನ ಮಾತು ಅವರ ಪರ. ನನಗೆ ಮಾತ್ರ ಕುಮೈ ಕತೆಯೇ ಇಷ್ಟ. ಕಾರಣ ಅಕ್ಷರ. ಯೂಬಿಯಾದವರು ಕುಮೈಗೆ ತಂದ ಲಿಪಿಯನ್ನು ಇಟಲಿಯ ಹಳೇ ಜನರಾದ ಎಟ್ರಸ್ಕರು ಕಲಿತರು, ಅವರಿಂದ ರೋಮನ್ನರು ಕಲಿತರು. ಇವತ್ತು ಇಂಗ್ಲಿಷ್ ಬರೆಯುವುದು ಅದರ ಮಗಳ ಮಗಳಲ್ಲಿ. ಹೆಸರೂ ಅದೇ ಹಡಗಿನಲ್ಲಿ ಬಂದಿದ್ದರೆ ಚೆಂದ ಅಲ್ವಾ? ಚೆಂದ ಅನ್ನುವುದು ಸಾಕ್ಷಿಯಲ್ಲ, ಒಪ್ಪುತ್ತೇನೆ.

ಹೋಮರನ ವಿಷಯ ಬಂತಲ್ಲ, ಅವನಲ್ಲಿ ಇನ್ನೊಂದು ವಿಚಿತ್ರವಿದೆ. ಟ್ರಾಯ್ ಮೇಲೆ ಹೋದವರನ್ನು ಅವನು ಗ್ರೀಕರು ಎನ್ನುವುದಿಲ್ಲ. ಹೆಲೆನರು ಎಂದೂ ಸಾಮಾನ್ಯವಾಗಿ ಎನ್ನುವುದಿಲ್ಲ. ಅಕಾಯರು, ದನಾಯರು, ಆರ್ಗೋಸಿನವರು ಎನ್ನುತ್ತಾನೆ. ಹೆಲೆನರು ಎಂದರೆ ಅವನಿಗೆ ಆಕಿಲೀಸ್ ಕರೆತಂದ ಒಂದು ಪುಟ್ಟ ಗುಂಪು. ಇದನ್ನು ಮೊದಲು ಗಮನಿಸಿದವರು ಇವತ್ತಿನ ಪ್ರೊಫೆಸರುಗಳಲ್ಲ. ಕ್ರಿ.ಪೂ. 5ನೇ ಶತಮಾನದಲ್ಲೇ ಥುಸಿಡಿಡೀಸ್ ಇದನ್ನು ಎತ್ತಿ ತೋರಿಸಿದ. ಎಲ್ಲರನ್ನೂ ಕೂಡಿಸುವ ಒಂದು ಹೆಸರೇ ಆಗ ಇರಲಿಲ್ಲ ಎಂದು ಬರೆದ. ಅಂದರೆ ‘ಹೆಲೆನ್’ ಕೂಡ ‘ಗ್ರೀಕ್’ ತರಹದ್ದೇ. ಒಂದು ಮೂಲೆಯ ಜನರ ಹೆಸರು ಹಬ್ಬಿ ಎಲ್ಲರದಾಯಿತು. ಒಂದು ಹೆಸರು ಮನೆಯೊಳಗೆ ಹಬ್ಬಿತು, ಇನ್ನೊಂದು ಹೆಸರು ಅದೇ ಮನೆಯ ಪಶ್ಚಿಮದ ಬಾಗಿಲ ಹೊರಗೆ ಹಬ್ಬಿತು.

ರೋಮನ್ನರ ಬಾಯಲ್ಲಿ ಈ ಹೆಸರಿಗೆ ಸ್ವಲ್ಪ ಕಹಿಯೂ ಸೇರಿತು. ಗ್ರೀಕ್ ಕಲಿಯದಿದ್ದರೆ ಓದಿದವನಲ್ಲ ಎನ್ನುವುದೂ ಅವರೇ, ‘ಗ್ರೈಕುಲುಸ್’ ಎಂದು ಹೀಯಾಳಿಸುವುದೂ ಅವರೇ. ‘ಗ್ರೀಕ ಮರಿ’ ಅಂದಹಾಗೆ. ಜುವೆನಲ್ ಎಂಬ ಕವಿ ‘ಹಸಿದ ಗ್ರೀಕ ಮರಿ’ಯನ್ನು ಆಡಿಕೊಳ್ಳುತ್ತಾನೆ: ಆಕಾಶಕ್ಕೆ ಹಾರು ಅಂದರೂ ಹಾರುತ್ತಾನಂತೆ. ಮೇಷ್ಟ್ರನ್ನು ಗೌರವಿಸುತ್ತಲೇ ಅವರ ಹರಕು ಅಂಗಿಗೆ ನಗುವ ಶ್ರೀಮಂತರ ಮಕ್ಕಳ ಹಾಗೆ.

ಈ ಕಹಿ ಎಷ್ಟು ದೂರ ಹೋಯಿತು ನೋಡಿ. ಪಶ್ಚಿಮದಲ್ಲಿ ರೋಮ್ ಬಿತ್ತು, ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲ್ ಉಳಿಯಿತು. ಅಲ್ಲಿಯ ಜನ ಮಾತಾಡಿದ್ದು ಗ್ರೀಕ್. ತಮ್ಮನ್ನು ಕರೆದುಕೊಂಡದ್ದು ಮಾತ್ರ ರೋಮನ್ನರು ಎಂದು. ಅದು ಜಂಭವಲ್ಲ. ಸಾಮ್ರಾಜ್ಯ ಕಡಿಯದೆ ಮುಂದುವರಿದಿತ್ತು, ಅವರು ಅದರ ಪ್ರಜೆಗಳು. ‘ಹೆಲೆನ್’ ಎಂಬ ಹಳೇ ಹೆಸರಿಗೆ ಅಷ್ಟರಲ್ಲಿ ಬೇರೆಯೇ ಗ್ರಹಚಾರ ಬಂದಿತ್ತು. ಕ್ರೈಸ್ತರ ಬಾಯಲ್ಲಿ ಅದಕ್ಕೆ ವಿಗ್ರಹ ಪೂಜಿಸುವವನು, ಹಳೇ ದೇವರುಗಳವನು ಎಂಬ ಅರ್ಥ ಬಂದಿತ್ತು. ಚರ್ಚಿಗೆ ಹೋಗುವವನನ್ನು ಹಾಗೆ ಕರೆದರೆ ಅದು ಬೈಗುಳ.

968ರಲ್ಲಿ ಕ್ರೆಮೋನಾದ ಬಿಷಪ್ ಲಿಯುಟ್‌ಪ್ರಾಂಡ್ ಜರ್ಮನಿಯ ಒಟ್ಟೊ ಚಕ್ರವರ್ತಿಯ ಮಗನಿಗೆ ಹೆಣ್ಣು ಕೇಳಲು ಕಾನ್‌ಸ್ಟಾಂಟಿನೋಪಲ್ಲಿಗೆ ಬಂದ. ಮೊದಲೇ ಮಾತುಕತೆ ಹದಗೆಟ್ಟಿತ್ತು. ಆ ಹೊತ್ತಿಗೆ ಸರಿಯಾಗಿ ಪೋಪನ ಪತ್ರ ಬಂತು. ಅದರಲ್ಲಿ ಒಟ್ಟೊ ‘ರೋಮನ್ನರ ಚಕ್ರವರ್ತಿ’. ಕಾನ್‌ಸ್ಟಾಂಟಿನೋಪಲ್ಲಿನ ನಿಕೆಫೊರೋಸ್ ‘ಗ್ರೀಕರ ಚಕ್ರವರ್ತಿ’. ಆಸ್ಥಾನ ಹೊತ್ತಿ ಉರಿಯಿತು. ಇಂಥ ಪತ್ರ ಹೊತ್ತ ಹಡಗನ್ನು ಸಮುದ್ರ ಯಾಕೆ ನುಂಗಲಿಲ್ಲ ಎಂದು ಸಮುದ್ರಕ್ಕೂ ಬೈದರಂತೆ. ಪತ್ರ ತಂದವರು ಜೈಲಿಗೆ ಹೋದರು. ಇದನ್ನೆಲ್ಲ ಬರೆದಿಟ್ಟವನು ಲಿಯುಟ್‌ಪ್ರಾಂಡನೇ. ಅವನಿಗೆ ಅಲ್ಲಿಯ ಊಟವೂ ಹಿಡಿಸಿರಲಿಲ್ಲ, ಆದ್ದರಿಂದ ಅವನ ಮಾತಿಗೆ ಒಂದು ಹಿಡಿ ಉಪ್ಪು ಸೇರಿಸಿಯೇ ಓದಬೇಕು. ಆದರೂ ಒಂದು ಪದಕ್ಕೆ ಸೆರೆಮನೆ! ಗ್ರೀಕರನ್ನು ಗ್ರೀಕರು ಎಂದದ್ದಕ್ಕೆ!

ರೋಮನ್ನರು ಎಂಬ ಆ ಹೆಸರು ಸಾಮ್ರಾಜ್ಯ ಮುಗಿದ ಮೇಲೂ ಸಾಯಲಿಲ್ಲ. ಆಡುಮಾತಿನಲ್ಲಿ ಅದು ‘ರೊಮ್ಯೊಸ್’ ಆಯಿತು. ತುರ್ಕರು ‘ರೂಮ್’ ಎಂದರು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಇತಿಹಾಸಕಾರ ಪೀಟರ್ ಕರಾನಿಸ್ ಹುಟ್ಟಿದ್ದು ಲೆಮ್ನೊಸ್ ದ್ವೀಪದಲ್ಲಿ. ಅವರು ಹೇಳುತ್ತಿದ್ದ ಒಂದು ನೆನಪು ಇದು. 1912ರಲ್ಲಿ ಗ್ರೀಸಿನ ನೌಕಾಪಡೆ ಆ ದ್ವೀಪವನ್ನು ಆಟೊಮನ್ನರಿಂದ ಹಿಡಿಯಿತು. ಪ್ರತಿ ಹಳ್ಳಿಗೂ ಸಿಪಾಯಿಗಳು ಬಂದು ಚೌಕಗಳಲ್ಲಿ ನಿಂತರು. ಹೆಲೆನರು ಹೇಗಿರುತ್ತಾರೆ ನೋಡೋಣ ಎಂದು ಮಕ್ಕಳು ಓಡಿದವು. ಏನು ನೋಡ್ತಿದ್ದೀರಿ ಎಂದು ಸಿಪಾಯಿ ಕೇಳಿದ. ಹೆಲೆನರನ್ನು ಎಂದರು ಮಕ್ಕಳು. ನೀವೂ ಹೆಲೆನರೇ ಅಲ್ವಾ ಎಂದ. ಇಲ್ಲ, ನಾವು ರೋಮನ್ನರು ಎಂದರು.

ಸಿಪಾಯಿಯ ಮುಖ ಹೇಗಾಗಿರಬಹುದು ಎಂದು ನಾನು ತುಂಬ ಸಲ ಯೋಚಿಸಿದ್ದೇನೆ. ಎರಡೂ ಕಡೆಯವರು ಆಡುತ್ತಿದ್ದದ್ದು ಒಂದೇ ಭಾಷೆ.

ಆ ಸಿಪಾಯಿಯ ‘ಹೆಲೆನ್’ ಕೂಡ ಹೊಸದಾಗಿ ತೊಳೆದು ಇಸ್ತ್ರಿ ಹಾಕಿದ್ದು. 1821ರಲ್ಲಿ ಆಟೊಮನ್ನರ ವಿರುದ್ಧ ಸ್ವಾತಂತ್ರ್ಯದ ದಂಗೆ ಎದ್ದಾಗ ಮೂರು ಹೆಸರೂ ಚಾಲ್ತಿಯಲ್ಲಿದ್ದವು. ಪ್ಯಾರಿಸಿನಲ್ಲಿ ಕೂತ ಪಂಡಿತ ಅದಮಾಂಟಿಯೊಸ್ ಕೊರಾಯಿಸ್‌ಗೆ ರೊಮ್ಯೊಸ್ ಎಂದರೆ ಆಗುತ್ತಿರಲಿಲ್ಲ. ಅದು ಗೆದ್ದವರು ಕೊಟ್ಟ ಹೆಸರು ಎಂಬ ಸಿಟ್ಟು. ಯುರೋಪಿನ ಓದಿದ ದೇಶಗಳೆಲ್ಲ ನಮ್ಮನ್ನು ಗ್ರೈಕೋಸ್ ಎನ್ನುತ್ತವೆ, ಅದೂ ನಮ್ಮದೇ ಹಳೇ ಹೆಸರು, ಅದನ್ನೇ ಇಟ್ಟುಕೊಳ್ಳೋಣ ಎಂದು ವಾದಿಸಿದ. ದಂಗೆಯ ಮೊದಲ ವರ್ಷವೇ ಸೆರೆಸಿಕ್ಕ ಅಥನಾಸಿಯೊಸ್ ಡಿಯಾಕೊಸ್, ಮತ ಬದಲಿಸು ಎಂದವರಿಗೆ “ಗ್ರೈಕೋಸ್ ಆಗಿ ಹುಟ್ಟಿದೆ, ಗ್ರೈಕೋಸ್ ಆಗಿಯೇ ಸಾಯುತ್ತೇನೆ” ಎಂದನಂತೆ. ಗ್ರೀಸಿನ ಶಾಲೆಯ ಮಕ್ಕಳಿಗೆಲ್ಲ ಈ ಸಾಲು ಗೊತ್ತು. ಅಷ್ಟಾದರೂ ಕೊನೆಗೆ ಗೆದ್ದದ್ದು ಹೆಲೆನ್. ಅಥೆನ್ಸಿನ ಕಂಬಗಳ ಎದುರು ನಿಂತ ಹೊಸ ದೇಶಕ್ಕೆ ಕಂಬ ಕಟ್ಟಿದವರ ಹೆಸರೇ ಬೇಕಿತ್ತು. ಪಾದ್ರಿಗಳಿಗೆ ಹಿಂದೆ ಬೈಗುಳವಾಗಿದ್ದದ್ದು ಈಗ ರಾಜ್ಯದ ಹೆಸರು.

ಇದಿಷ್ಟು ಪಶ್ಚಿಮದ ಬಾಗಿಲು. ನಮಗೆ ಹತ್ತಿರದ್ದು ಪೂರ್ವದ ಬಾಗಿಲು.

ಅಲ್ಲಿ ನಿಂತಿದ್ದವರು ಅಯೋನಿಯದವರು. ಈಗಿನ ಟರ್ಕಿಯ ಪಶ್ಚಿಮ ಕರಾವಳಿ, ಮಿಲೆಟಸ್, ಎಫೆಸಸ್ ಎಲ್ಲ ಅಲ್ಲಿ. ಅವರ ಹಳೇ ಹೆಸರಿನ ನಡುವೆ ಒಂದು ‘ವ’ಕಾರ ಇತ್ತು: ಇಯಾವೊನೆಸ್. ಗ್ರೀಕರು ಆ ವಕಾರವನ್ನು ಕಳೆದುಕೊಂಡು ಇಯೋನೆಸ್ ಆದರು. ಪೂರ್ವದವರು ಅದನ್ನು ಉಳಿಸಿಕೊಂಡರು. ಹೀಬ್ರೂ ಭಾಷೆಯಲ್ಲಿ ಯಾವಾನ್. ಪರ್ಷಿಯನ್ನರಲ್ಲಿ ಯೌನ. ಕ್ರಿ.ಪೂ. 546ರ ಹೊತ್ತಿಗೆ ಸೈರಸ್ ದೊರೆ ಆ ಕರಾವಳಿಯನ್ನು ಗೆದ್ದ ಮೇಲೆ ಪರ್ಷಿಯನ್ನರಿಗೆ ಎಲ್ಲ ಗ್ರೀಕರೂ ಯೌನರೇ. ಒಂದು ಶಾಸನದಲ್ಲಿ ‘ತಲೆಯ ಮೇಲೆ ಗುರಾಣಿ ಹೊತ್ತ ಯೌನರು’ ಬರುತ್ತಾರೆ. ಅಗಲವಾದ ಟೋಪಿ ಹಾಕುತ್ತಿದ್ದ ಮ್ಯಾಸಿಡೋನಿಯದವರು ಅವರು ಎಂದು ವಿದ್ವಾಂಸರು ಓದುತ್ತಾರೆ. ದೂರದಿಂದ ನೋಡಿದವರು ಕೊಡುವ ಹೆಸರು ಹೀಗೇ ಇರುತ್ತದೆ.

ನಮ್ಮಲ್ಲಿ ಅದು ಪ್ರಾಕೃತದಲ್ಲಿ ಯೋನ, ಸಂಸ್ಕೃತದಲ್ಲಿ ಯವನ. ಲೋಣ, ಲವಣ ಇದ್ದ ಹಾಗೆ. ಪಾಣಿನಿಗೆ ‘ಯವನಾನಿ’ ಎಂಬ ಪದ ಗೊತ್ತಿತ್ತು. ಯವನರ ಲಿಪಿ ಎಂದು ಅದಕ್ಕೆ ಕಾತ್ಯಾಯನ ಅರ್ಥ ಹೇಳಿದ. ಅಶೋಕ ತನ್ನ 13ನೇ ಶಾಸನದಲ್ಲಿ ‘ಅಂತಿಯೋಕ ಎಂಬ ಯೋನ ರಾಜ’ ಎನ್ನುತ್ತಾನೆ. ಗ್ರೀಕರ ಆಂಟಿಯೋಕಸ್ ನಮ್ಮಲ್ಲಿ ಅಂತಿಯೋಕ ಆದ. ಅವರೂ ಸುಮ್ನೆ ಬಿಡಲಿಲ್ಲ. ಕಂದಹಾರದಲ್ಲಿ ಸಿಕ್ಕ ಅಶೋಕನ ಗ್ರೀಕ್ ಶಾಸನದಲ್ಲಿ ಅವನ ಇನ್ನೊಂದು ಹೆಸರಾದ ಪಿಯದಸಿ ಹೋಗಿ ‘ಪಿಯೊದಸ್ಸೆಸ್’ ಆಗಿದ್ದಾನೆ!

ಕಂದಹಾರದ ವಿಷಯ ಇನ್ನೂ ಸ್ವಲ್ಪ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ, ಚಂದ್ರಲಾಂಬಾ ಗುಡಿಯಿದೆ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಅಕ್ಷರ. 12ನೇ ಶಾಸನ, 14ನೇ ಶಾಸನ, ಜೊತೆಗೆ ಇನ್ನೆರಡು. ಅದಕ್ಕೆ ಸುಮಾರು 20 ವರ್ಷ ಮೊದಲು, 1963ರಲ್ಲಿ, ಕಂದಹಾರದಲ್ಲಿ ಇನ್ನೊಂದು ಕಲ್ಲು ಸಿಕ್ಕಿತ್ತು. ಅದರಲ್ಲಿರುವುದು 12ನೇ ಶಾಸನದ ಕೊನೆ ಮತ್ತು 13ರ ಶುರು, ಗ್ರೀಕ್ ಭಾಷೆಯಲ್ಲಿ. ಭೀಮಾ ತೀರದ ಜನಕ್ಕೆ ಪ್ರಾಕೃತದಲ್ಲಿ ಹೇಳಿದ್ದನ್ನೇ ಕಂದಹಾರದ ಯವನರಿಗೆ ಅವರ ಭಾಷೆಯಲ್ಲಿ ಹೇಳಿಸಿದ್ದಾನೆ. ಏನು ಹೇಳಿದ? ನಿನ್ನ ಪಂಥವನ್ನು ಹೊಗಳಿಕೊಂಡು ಬೇರೆಯವರದನ್ನು ಹಳಿಯಬೇಡ, ನಾಲಿಗೆ ಹಿಡಿತದಲ್ಲಿರಲಿ ಎಂದು. ‘ಧಮ್ಮ’ಕ್ಕೆ ಗ್ರೀಕಿನಲ್ಲಿ ‘ಯೂಸೆಬಿಯಾ’ ಎಂಬ ಪದ ಬಳಸಿದ್ದಾರೆ. ಅನುವಾದ ಮಾಡಿದವನು ಯಾರೋ, ಎರಡೂ ದಡದ ಮಾತು ಬಲ್ಲವನು.

ಯವನ ಪದ ಆಮೇಲೆ ಯಜಮಾನರನ್ನೇ ಬಿಟ್ಟು ನಡೆಯಿತು. ವಾಯವ್ಯದಿಂದ ಬಂದವರೆಲ್ಲ ಯವನರು ಎಂದಾಗುತ್ತಾ, ಕೊನೆಗೆ ಮುಸ್ಲಿಮರಿಗೆ ಆ ಹೆಸರು ಸಂದಿತು. ಕೃಷ್ಣದೇವರಾಯ ಬಹಮನಿ ಸುಲ್ತಾನನನ್ನು ಮತ್ತೆ ಗದ್ದುಗೆಗೆ ಕೂರಿಸಿ ‘ಯವನರಾಜ್ಯ ಸ್ಥಾಪನಾಚಾರ್ಯ’ ಎಂಬ ಬಿರುದು ಪಡೆದ. ಆ ಬಿರುದಿನಲ್ಲಿ ಗ್ರೀಕರ ಸುಳಿವೂ ಇಲ್ಲ. ಮಿಲೆಟಸ್ಸಿನ ಹೆಸರು ಬೀದರಿಗೆ ಬಂದು ಕೂತಿತ್ತು.

ಹೀಗೆ ಕನ್ನಡದಲ್ಲಿ ಒಂದೇ ಜನಕ್ಕೆ ಮೂರು ಹೆಸರು ಸೇರಿದವು. ಯವನ ಬಂದದ್ದು ಸಂಸ್ಕೃತದ ಕೈಹಿಡಿದು. ಯುನಾನಿ ಬಂದದ್ದು ಅರಬ್ಬಿ, ಪಾರ್ಸಿಯ ಹಕೀಮರ ಜೊತೆ. ಗ್ರೀಕ್ ಬಂದದ್ದು ಲ್ಯಾಟಿನ್, ಇಂಗ್ಲಿಷ್ ದಾಟಿ, ಇಡೀ ಆಫ್ರಿಕ ಸುತ್ತಿ ಹಡಗಿನಲ್ಲಿ. ಮೂರರಲ್ಲೂ ಒಂದೂ ಅವರು ಇವತ್ತು ತಮ್ಮನ್ನು ಕರೆದುಕೊಳ್ಳುವ ಹೆಸರಲ್ಲ. ಅದಕ್ಕೆ ನನಗೆ ಬೇಜಾರೇನೂ ಇಲ್ಲ. ನಮ್ಮನ್ನೂ ‘ಕೆನರೀಸ್’ ಎಂದವರಿದ್ದರು. ಪೋರ್ಚುಗೀಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋವೆಯ ಕೊಂಕಣಿಯನ್ನೇ ‘ಕನರಿಂ’ ಎಂದರು. 1640ರಲ್ಲಿ ಅಚ್ಚಾದ ‘ಕನರಿಂ ವ್ಯಾಕರಣ’ ಹಿಡಿದು ಕನ್ನಡ ಕಲಿಯಲು ಹೊರಟರೆ ಕೊಂಕಣಿ ಬಂದುಬಿಡುತ್ತದೆ.

ಬೇಜಾರಾಗುವುದು ಬೇರೆ ಕಡೆ. ಯವನ, ಯುನಾನ್ ಎಂಬ ಹೆಸರು ಕೊಟ್ಟ ಅಯೋನಿಯದ ಕರಾವಳಿಯಿದೆಯಲ್ಲ, ಅಲ್ಲಿ ಈಗ ಗ್ರೀಕ್ ಮಾತಾಡುವ ಊರುಗಳಿಲ್ಲ. 1922ರಲ್ಲಿ ಗ್ರೀಸ್-ಟರ್ಕಿ ಯುದ್ಧದಲ್ಲಿ ಆ ಕರಾವಳಿಯ ಸ್ಮಿರ್ನಾ ನಗರ ಉರಿದುಹೋಯಿತು. ಮುಂದಿನ ವರ್ಷದ ಒಪ್ಪಂದದಂತೆ ಎರಡು ದೇಶಗಳು ಜನರನ್ನೇ ಅದಲುಬದಲು ಮಾಡಿಕೊಂಡವು. ಓಡಿದವರು, ಕಳಿಸಿದವರು ಸೇರಿ ಸುಮಾರು 12 ಲಕ್ಷ ಗ್ರೀಕರು ಆ ನೆಲ ಬಿಟ್ಟರು. ಇಸ್ತಾಂಬುಲಿನವರಿಗೆ ಉಳಿಯಲು ಅವಕಾಶವಿತ್ತು. ತುರ್ಕಿ ಭಾಷೆಯಲ್ಲಿ ಇವತ್ತಿಗೂ ಅವರು ರೂಮ್, ಗ್ರೀಸ್ ದೇಶದವನು ಮಾತ್ರ ಯುನಾನ್. ಒಂದೇ ಜನ, ಎರಡು ಪದ.

ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ: “ಹಂಗಾದ್ರೆ ತಮ್ಮನ್ನ ಗ್ರೀಕ್ ಅಂತ ಕರ್ಕೊಳ್ಳೋರು ಯಾರೂ ಇಲ್ವಾ?”

ಇದ್ದಾರೆ. ಗ್ರೀಸಿನಲ್ಲಲ್ಲ, ಇಟಲಿಯಲ್ಲಿ. ಇಟಲಿಯ ಬೂಟಿನ ಹಿಮ್ಮಡಿಯಲ್ಲಿ, ಲೆಚ್ಚೆ ಪಟ್ಟಣದ ದಕ್ಷಿಣಕ್ಕೆ ಒಂದಿಷ್ಟು ಹಳ್ಳಿಗಳಿವೆ. ಅಲ್ಲಿಯ ಹಿರಿಯರು ಆಡುವ ಭಾಷೆ ಒಂದು ಬಗೆಯ ಗ್ರೀಕ್. ಅದನ್ನು ಅವರು ಎಲ್ಲಿನಿಕಾ ಎನ್ನುವುದಿಲ್ಲ. ‘ಗ್ರೀಕೊ’ ಎನ್ನುತ್ತಾರೆ. ಒಂದು ಹಳ್ಳಿಯ ಹೆಸರೇ ಕಾಲಿಮೇರಾ. ಗ್ರೀಕ್ ಭಾಷೆಯಲ್ಲಿ ಬೆಳಗಿನ ನಮಸ್ಕಾರ. ಆ ಊರಿನ ತೋಟದಲ್ಲಿ ಅಥೆನ್ಸಿನವರು ಉಡುಗೊರೆಯಾಗಿ ಕಳಿಸಿದ ಒಂದು ಹಳೆಯ ಸಮಾಧಿಕಲ್ಲು ಇಟ್ಟಿದ್ದಾರೆ. ಕಲ್ಲು ಬಂದ ಮೇಲೆ ಊರಿನವರು ಅದಕ್ಕೆ ತಮ್ಮ ಗ್ರೀಕೊ ಭಾಷೆಯಲ್ಲಿ ಒಂದು ಸಾಲು ಬರೆಸಿದರು: ಇಲ್ಲಿ ಕಾಲಿಮೇರಾದಲ್ಲಿ ನೀನು ಹೊರಗಿನವಳಲ್ಲ.